ಅಂಗಳದಲ್ಲಿ ಬಿದ್ದ ಕೆಂಪು ಬೊಟ್ಟು

ನಮ್ಮ ಮನೆಯ ಕಾರನ್ನು ನಾನು ಕೊಂಡದ್ದು ೨೦೦೩ರಲ್ಲಿ. ಆಗ ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದೆ. ಭವಿಷ್ಯನಿಧಿಯಿಂದ ಸಾಲ ತೆಗೆದು, ಉಳಿದದ್ದನ್ನು ಬ್ಯಾಂಕಿನಿಂದ ಪಡೆದು ಕೊಂಡ ವಾಹನ ಅದು. ಮಗಳು ಮದುವೆಯಾಗಿ ಗಂಡನ ಮನೆಗೆ ಹೊರಟದ್ದು, ತಂದೆಯವರನ್ನು ಕೊನೆಯ ಬಾರಿ ಆಸ್ಪತ್ರೆಗೆ ಕರೆದೊಯ್ದದ್ದು, ಮೊಮ್ಮಗ ಬಾಣಂತಿಯ ಮಡಿಲಲ್ಲಿ ಮನೆಗೆ ಬಂದದ್ದು ಎಲ್ಲವೂ ಅದರಲ್ಲಿಯೇ. ನಮ್ಮಂಥ ಮನೆಗಳಲ್ಲಿ ಕಾರೂ ಒಂದು ಹಸುವಿನಂತೆ. ಮುದಿಯಾಯಿತೆಂದು ಮಾರಲು ಮನಸ್ಸು ಬಾರದು. ಹದಿನೈದು ವರ್ಷ ತುಂಬಿದಾಗ ಒಮ್ಮೆ, ಇಪ್ಪತ್ತು ತುಂಬಿದಾಗ ಮತ್ತೊಮ್ಮೆ ಪರೀಕ್ಷೆ ಮಾಡಿಸಿ ನೋಂದಣಿಯನ್ನು ನವೀಕರಿಸಿಕೊಂಡೆ. ಹೊಸ ಕಾಗದ ಕೈಗೆ ಬಂದೊಡನೆ ಕಾರೂ ಹೊಸದಾಯಿತೆಂದು ಭ್ರಮಿಸಿದವನು ನಾನೇ.

ಎರಡನೆಯ ನವೀಕರಣದ ನಂತರದ ಮಳೆಗಾಲದಲ್ಲಿ, ತುಮಕೂರಿನ ನಮ್ಮ ಮನೆಯ ಅಂಗಳದ ಕಡಪದ ಕಲ್ಲಿನ ಮೇಲೆ ರೂಪಾಯಿಯಗಲದ ಒಂದು ಕೆಂಪು ಕಲೆ ಕಾಣಿಸಿಕೊಂಡಿತು. ಬೆಳಿಗ್ಗೆ ಸಾರಿಸಿದರೆ ಮರುದಿನ ಮತ್ತೆ ಅಲ್ಲಿಯೇ ಇರುತ್ತಿತ್ತು. ‘ನಾನು ಇಡುವ ರಂಗೋಲಿಗಿಂತ ನಿಮ್ಮ ಕಾರು ಇಡುವ ಬೊಟ್ಟೇ ಅಚ್ಚುಕಟ್ಟಾಗಿದೆ’ ಎಂದು ಮನೆಯವರು ಹಾಸ್ಯ ಮಾಡಿದರು. ಅದು ಪವರ್ ಸ್ಟೀರಿಂಗಿನ ಆಯಿಲ್ ಎಂಬುದು ನನಗೆ ಗೊತ್ತಿತ್ತು. ಊರಿನ ಗ್ಯಾರೇಜೊಂದರಲ್ಲಿ ತೋರಿಸಿದೆ. ಅವರು ಒಂದು ಕ್ಲಿಪ್ಪನ್ನು ಬಿಗಿ ಮಾಡಿದರು, ಕಡಕಡ ಸದ್ದು ಮಾಡುತ್ತಿದ್ದ ಒಂದು ತಗಡನ್ನು ಬಿಚ್ಚಿ ಪಕ್ಕಕ್ಕಿಟ್ಟರು, ಎರಡು ನೂರು ರೂಪಾಯಿ ತೆಗೆದುಕೊಂಡರು. ಆ ತಗಡಿನ ವಿಚಾರ ಮುಂದೆ ಬರುತ್ತದೆ. ಕಲೆ ನಿಲ್ಲಲಿಲ್ಲ. ಅರ್ಧ ಲೀಟರಿನ ಡಬ್ಬಿ ತಂದಿಟ್ಟುಕೊಂಡು ತಿಂಗಳಿಗೊಮ್ಮೆ ಕಡಿಮೆಯಾದಷ್ಟನ್ನು ತುಂಬತೊಡಗಿದೆ. ಹೋಸುಗಳನ್ನು ಬದಲಾಯಿಸಲು ಆರೇಳು ಸಾವಿರ ಬೇಕು, ಆಯಿಲಿಗೆ ವರ್ಷಕ್ಕೆ ಎರಡು ಸಾವಿರವೂ ಆಗದು ಎಂಬುದು ನನ್ನ ಲೆಕ್ಕ. ಪಿಂಚಣಿಯವನ ಲೆಕ್ಕ!

ಕಳೆದ ಮಾಘಮಾಸದಲ್ಲಿ ಕುಣಿಗಲ್ಲಿನ ಬೀಗರ ಮನೆಯಲ್ಲಿ ಮದುವೆಯಿತ್ತು. ಗುಬ್ಬಿಯಲ್ಲಿ ಅಕ್ಕನ ಮನೆಯಲ್ಲಿದ್ದ ಅಮ್ಮನನ್ನು ಕರೆತರಲು ಹಿಂದಿನ ದಿನ ಹೋಗಿದ್ದೆ. ಅಮ್ಮನಿಗೆ ಎಂಬತ್ತೆರಡು, ಮಂಡಿಗಳು ಹಿಡಿದುಕೊಂಡಿವೆ. ಭಾವನವರ ತೋಟದ ಟ್ರ್ಯಾಕ್ಟರನ್ನು ರಿಪೇರಿ ಮಾಡಲು ಬಂದಿದ್ದ ಮೆಕ್ಯಾನಿಕ್ ನಮ್ಮ ಕಾರಿನಡಿಯ ಕಲೆಯನ್ನು ನೋಡಿ, ಕೇಳದೆಯೇ ಬಾನೆಟ್ ಎತ್ತಿಸಿದ. ಬೆರಳಿಟ್ಟು ಒಂದು ಹೋಸನ್ನು ಒತ್ತಿ ತೋರಿಸಿದ. ಲೋಹದ ತುದಿಯ ಬಳಿ ಅದು ಉಬ್ಬಿ ಮೆತ್ತಗಾಗಿತ್ತು. ಬಾಗಿದ ಕಡೆ ಬಿಸಿಲಿಗೆ ಒಣಗಿದ ಕೆರೆಯಂಗಳದಂತೆ ಬಿರುಕುಗಳಿದ್ದವು. ‘ಮೇಷ್ಟ್ರೇ, ಇದು ಬೆವರ್ತಾ ಇದೆ. ಬೆವರೋ ಹೋಸು ಒಂದಿನ ಸೀಳುತ್ತೆ. ಕೆಳಗೆ ಸೈಲೆನ್ಸರ್ ನೋಡಿ, ಎಷ್ಟು ಹತ್ರ ಇದೆ’ ಎಂದ. ಮದುವೆ ಮುಗಿಯಲಿ ಎಂದೆ. ಅವನು ಮತ್ತೇನನ್ನೂ ಹೇಳಲಿಲ್ಲ, ಕೈ ಒರೆಸಿಕೊಂಡ.

ಓದುಗರಿಗೆ ಈ ಯಂತ್ರದ ಬಗೆಯನ್ನು ಸ್ವಲ್ಪ ಹೇಳಬೇಕು. ಹಳೆಯ ಕಾರುಗಳ ಪವರ್ ಸ್ಟೀರಿಂಗಿನಲ್ಲಿ ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಒಂದು ಪಂಪು ಇರುತ್ತದೆ. ಅದು ಆಯಿಲನ್ನು ಒತ್ತಿ ಒಂದು ಹೋಸಿನ ಮೂಲಕ ಚಕ್ರಗಳನ್ನು ತಿರುಗಿಸುವ ಭಾಗಕ್ಕೆ ಕಳುಹಿಸುತ್ತದೆ; ಕೆಲಸ ಮುಗಿಸಿದ ಆಯಿಲು ಇನ್ನೊಂದು ಹೋಸಿನಲ್ಲಿ ಡಬ್ಬಿಗೆ ಹಿಂದಿರುಗುತ್ತದೆ. ಹಿಂದಿರುಗುವ ಹೋಸಿನಲ್ಲಿ ಒತ್ತಡ ಅಲ್ಪ. ಹೋಗುವ ಹೋಸಿನಲ್ಲಿ ಹಾಗಲ್ಲ. ಕಾರಿನ ಟೈರಿನೊಳಗೆ ಚದರ ಸೆಂಟಿಮೀಟರಿಗೆ ಎರಡು ಕಿಲೋಗ್ರಾಮಿಗಿಂತ ತುಸು ಹೆಚ್ಚು ಒತ್ತಡವಿದ್ದರೆ, ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ ಹಿಡಿದಾಗ ಈ ಹೋಸಿನೊಳಗೆ ಎಪ್ಪತ್ತರಿಂದ ನೂರು ಕಿಲೋಗ್ರಾಮಿನವರೆಗೂ ಏರಬಹುದು. ನೂಲಿನ ಹೆಣಿಗೆಯ ಮೇಲೆ ರಬ್ಬರನ್ನು ಹೊದಿಸಿ ಮಾಡಿದ ವಸ್ತು, ಎಂಜಿನ್ನಿನ ಶಾಖ, ಅದುರುವಿಕೆ, ಒಳಗಿನ ಬಿಸಿ ಆಯಿಲು ಇವೆಲ್ಲವನ್ನೂ ಇಪ್ಪತ್ತು ವರ್ಷ ತಡೆದುಕೊಂಡಿರುತ್ತದೆ. ಇಲಿಯ ಹಲ್ಲಿನ ಕಾಟ ಬೇರೆ. ಕಾರು ಕಡಿಮೆ ಓಡಿದೆ, ಆದ್ದರಿಂದ ಹೋಸೂ ಎಳೆಯದು ಎಂಬುದು ತಪ್ಪು ತಿಳಿವಳಿಕೆ. ರಬ್ಬರು ನಿಂತಲ್ಲಿಯೂ ಮುಪ್ಪಾಗುತ್ತದೆ.

ಈ ಆಯಿಲು ಪೆಟ್ರೋಲಿನಂತೆ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುವುದಲ್ಲ; ತಾನಾಗಿ ಉರಿಯಲು ೩೦೦ ಡಿಗ್ರಿಗೂ ಮೀರಿದ ಶಾಖ ಬೇಕು. ಆದರೆ ಎಂಜಿನ್ನಿನಿಂದ ಹೊಗೆ ಹೊರಬೀಳುವ ಕೊಳವೆ ಏರುದಾರಿಯಲ್ಲಿ ೫೦೦ ಡಿಗ್ರಿಯನ್ನು ಮುಟ್ಟುವುದುಂಟು. ಕಾರು ಓಡುತ್ತಿರುವಾಗ ಬೀಸುವ ಗಾಳಿ ಆವಿಯನ್ನು ಕೊಂಡೊಯ್ಯುತ್ತದೆ. ನಿಲ್ಲಿಸಿದಾಗ ಗಾಳಿ ನಿಲ್ಲುತ್ತದೆ, ಕೊಳವೆಯ ಕಾವು ನಿಲ್ಲುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಜ್ವಲನ ಬಿಂದುವನ್ನು ವಿವರಿಸಿದ ನನಗೆ ಇದು ಹೊಳೆಯಬೇಕಾಗಿತ್ತು. ಹೊಳೆದದ್ದು ಹೆಬ್ಬೂರು ದಾಟಿದ ಮೇಲೆ.

ಅಂದು ಬೆಳಿಗ್ಗೆ ಮನೆಯವರು ನನ್ನ ಪಕ್ಕದಲ್ಲಿ, ಅಮ್ಮ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ಗೂಳೂರು ದಾಟಿ ಹೆಬ್ಬೂರಿನವರೆಗೆ ಏನೂ ಇರಲಿಲ್ಲ. ಅಲ್ಲಿಂದ ಕೆಲವು ಕಿಲೋಮೀಟರು ಮುಂದೆ ಅಮ್ಮ, ‘ಏನೋ ಸೀದ ವಾಸನೆ ಬತ್ತೈತಲ್ಲಪ್ಪ’ ಎಂದರು. ಯಾರೋ ಹೊಲದಲ್ಲಿ ಕಸ ಸುಡುತ್ತಿರಬೇಕು ಎಂದೆ. ಮುಂದಿನ ತಿರುವಿನಲ್ಲಿ ಸ್ಟೀರಿಂಗು ಹಠಾತ್ತನೆ ಕಲ್ಲಿನಂತಾಯಿತು. ಎರಡೂ ಕೈಗಳಿಂದ ಎಳೆದು ಕಾರನ್ನು ರಸ್ತೆಯ ಅಂಚಿಗೆ ತಂದೆ. ಬಾನೆಟ್ಟಿನ ಸಂದಿಯಿಂದ ಬಿಳಿಯ ಹೊಗೆ ದಟ್ಟವಾಗಿ ಏಳುತ್ತಿತ್ತು. ಎಂಜಿನ್ ಆರಿಸಿದೆ. ಹೊಗೆಯ ನಡುವೆ ಕೆಂಪಗೆ ಏನೋ ಆಡಿದಂತೆ ಕಂಡಿತು.

ಇಳಿದು ಹೊರಗೆ ನಿಂತ ಮೇಲೆ ಅಮ್ಮ ಒಳಗೇ ಇರುವುದು ಕಂಡಿತು. ಅವರು ಬಾಗಿಲಿನ ಹಿಡಿಯನ್ನು ಎಳೆಯುತ್ತಿದ್ದರು, ಬಾಗಿಲು ತೆರೆಯುತ್ತಿರಲಿಲ್ಲ. ಮೊಮ್ಮಗ ಓಡುವ ಕಾರಿನಲ್ಲಿ ಬಾಗಿಲು ತೆಗೆಯಬಾರದೆಂದು ಚೈಲ್ಡ್ ಲಾಕ್ ಹಾಕಿದ್ದವನು ನಾನೇ. ಒಳಗಿನಿಂದ ಎಷ್ಟು ಎಳೆದರೂ ಅದು ತೆರೆಯದು. ನಾನು ಸುತ್ತಿ ಹೋಗಿ ಹೊರಗಿನಿಂದ ತೆರೆದು, ಅವರ ಮಂಡಿಗಳನ್ನು ಒಂದೊಂದಾಗಿ ಹೊರಕ್ಕೆ ತಿರುಗಿಸಿ, ನಾವಿಬ್ಬರೂ ಕಂಕುಳಿಗೆ ಕೈಕೊಟ್ಟು ಎಬ್ಬಿಸುವಷ್ಟರಲ್ಲಿ ಎಷ್ಟು ಹೊತ್ತಾಯಿತೋ ನಾನು ಹೇಳಲಾರೆ. ಅರ್ಧ ನಿಮಿಷವಿರಬಹುದು. ಆ ಅರ್ಧ ನಿಮಿಷದಲ್ಲಿ ಅಮ್ಮ ಒಂದು ಮಾತನ್ನೂ ಆಡಲಿಲ್ಲ; ನನ್ನ ಮುಖವನ್ನೇ ನೋಡುತ್ತಿದ್ದರು.

ಮಕ್ಕಳನ್ನು ಇಳಿಸಿ ಖಾಲಿ ಬರುತ್ತಿದ್ದ ಶಾಲಾ ಬಸ್ಸೊಂದು ಹಿಂದೆ ದೂರದಲ್ಲಿಯೇ ನಿಂತಿತು. ಅದರ ಚಾಲಕ ಬೆಂಕಿ ನಂದಿಸುವ ಸಿಲಿಂಡರನ್ನು ಹಿಡಿದು ಓಡಿಬಂದ. ನಾನು ಬಾನೆಟ್ ಎತ್ತಲು ಕೈ ಹಾಕಿದ್ದೆ. ‘ಪೂರ್ತಿ ಎತ್ಬೇಡಿ ಸಾರ್, ಗಾಳಿ ಸಿಕ್ಕಿದ್ರೆ ಭಗ್ ಅನ್ನುತ್ತೆ’ ಎಂದು ಕೂಗಿ ನನ್ನನ್ನು ಹಿಂದಕ್ಕೆ ತಳ್ಳಿದ. ಬಾನೆಟ್ಟಿನ ಸಂದಿಯಿಂದಲೇ ಬಿಳಿಯ ಪುಡಿಯನ್ನು ಹೊಡೆದ. ದಾರಿಹೋಕರೊಬ್ಬರು ಬಿಂದಿಗೆಯಲ್ಲಿ ನೀರು ತಂದಿದ್ದರು, ಅದನ್ನೂ ಬೇಡವೆಂದ. ಉರಿಯುವ ಎಣ್ಣೆಗೆ ನೀರು ಬಿದ್ದರೆ ಬೆಂಕಿ ಹರಡುತ್ತದೆ. ಇದನ್ನು ನಮ್ಮ ಅಡುಗೆಮನೆಯ ತಾಯಂದಿರು ನನಗಿಂತ ಚೆನ್ನಾಗಿ ಬಲ್ಲರು. ಹೆಸರು ಕೇಳುವಷ್ಟರಲ್ಲಿ ಅವನು ಹೊರಟುಬಿಟ್ಟ. ಸಿಲಿಂಡರಿಗೆ ಮತ್ತೆ ಪುಡಿ ತುಂಬಿಸುವ ಹಣವನ್ನಾದರೂ ಕೊಡಬೇಕಾಗಿತ್ತು ಎಂಬ ಕೊರಗು ಇಂದಿಗೂ ಉಳಿದಿದೆ.

ಬೀಗರು ಕುಣಿಗಲ್ಲಿನಿಂದ ವಾಹನ ಕಳುಹಿಸಿದರು. ಮುಹೂರ್ತ ತಪ್ಪಿತು, ಊಟಕ್ಕೆ ಸೇರಿಕೊಂಡೆವು. ಕಾರನ್ನು ಎಳೆಸಿಕೊಂಡು ತುಮಕೂರಿಗೆ ತಂದು, ಗುಬ್ಬಿಯ ಆ ಮೆಕ್ಯಾನಿಕನನ್ನೇ ಕರೆಸಿದೆ. ಒಂದಿಷ್ಟು ವೈರುಗಳು, ಒಂದು ಬೆಲ್ಟು ಸುಟ್ಟಿದ್ದವು. ಸೀಳಿದ್ದು ಅವನು ಬೆರಳಿಟ್ಟ ಜಾಗದಲ್ಲಿಯೇ. ‘ಇಲ್ಲಿದ್ದ ತಗಡು ಎಲ್ಲಿ?’ ಎಂದು ಕೇಳಿದ. ಕಡಕಡ ಸದ್ದು ಮಾಡುತ್ತದೆಂದು ಬಿಚ್ಚಿಸಿದ ತಗಡು, ಕೊಳವೆಯ ಶಾಖ ಹೋಸಿಗೆ ತಾಗದಂತೆ ತಯಾರಕರು ಹಾಕಿದ್ದ ಮರೆಯಾಗಿತ್ತು. ಎರಡು ಬೋಲ್ಟು ಬಿಗಿ ಮಾಡಿದ್ದರೆ ಸದ್ದು ನಿಲ್ಲುತ್ತಿತ್ತು.

ಹೊಸ ಹೋಸು ಸಿಗುವುದೇ ಒಂದು ಪಾಡಾಯಿತು. ಹಳೆಯ ಮಾದರಿಯಾದ್ದರಿಂದ ಅಂಗಡಿಗಳಲ್ಲಿ ಇರಲಿಲ್ಲ. ಜೆಸಿಬಿ ಯಂತ್ರಗಳಿಗೆ ಹೋಸು ಕ್ರಿಂಪ್ ಮಾಡಿಕೊಡುವ ಕಡೆ ಮಾಡಿಸೋಣವೇ ಎಂದೆ. ಒತ್ತಡಕ್ಕೇನೋ ಅದು ಸಾಕು, ಶಾಖಕ್ಕೆ ಸಾಲದು ಎಂದ. ಆ ಬಗೆಯ ಸಾಮಾನ್ಯ ಹೋಸುಗಳು ಸುಮಾರು ೧೦೦ ಡಿಗ್ರಿಯವರೆಗಿನ ಎಣ್ಣೆಗೆಂದು ತಯಾರಾದವು. ಪವರ್ ಸ್ಟೀರಿಂಗಿನದು ಅದಕ್ಕೂ ಮಿಗಿಲಾದ ಬಿಸಿಯನ್ನು ತಡೆಯಬೇಕು. ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸರಿಯಾದದ್ದು ದೊರೆಯಿತು. ಹೋಗುವ ಹೋಸು, ಹಿಂದಿರುಗುವ ಹೋಸು ಎರಡನ್ನೂ, ಜೊತೆಗೆ ತುದಿಯ ವಾಷರುಗಳನ್ನೂ ಕ್ಲಿಪ್ಪುಗಳನ್ನೂ ಬದಲಾಯಿಸಿದ. ಹಳೆಯ ಆಯಿಲನ್ನು ಪೂರ್ತಿ ತೆಗೆದು ಹೊಸದನ್ನು ತುಂಬಿ, ಮುಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹತ್ತಾರು ಸಲ ತಿರುಗಿಸಿ ಒಳಗಿನ ಗಾಳಿಯನ್ನು ಹೊರಹಾಕಿದ. ಎಂಜಿನ್ನನ್ನು ತೊಳೆಸಿದ, ಮುಂದೆ ಎಲ್ಲಿ ಸೋರಿದರೂ ಕಾಣಲೆಂದು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದ ಕಡೆಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿರೆಂದು ಎಚ್ಚರಿಸಿದ. ಸುಟ್ಟದ್ದೂ ಸೇರಿ ಇಪ್ಪತ್ತೊಂದು ಸಾವಿರವಾಯಿತು.

ಇದು ನಮ್ಮ ಬಡ ಗ್ಯಾರೇಜುಗಳ ಮಾತು ಮಾತ್ರವೇ ಎಂದು ಯಾರಾದರೂ ತಿಳಿದಾರು. ಅಮೆರಿಕದಲ್ಲಿ ೨೦೧೨ರಲ್ಲಿ ಹೋಂಡಾ ಕಂಪನಿ ೨೦೦೩ರಿಂದ ೨೦೦೭ರವರೆಗಿನ ಮಾದರಿಯ, ಆರು ಸಿಲಿಂಡರಿನ ಅಕಾರ್ಡ್ ಕಾರುಗಳನ್ನು ಐದು ಲಕ್ಷಕ್ಕೂ ಮಿಕ್ಕಿ ಹಿಂದಕ್ಕೆ ಕರೆಸಿ ಇದೇ ಹೋಸನ್ನು ಬದಲಾಯಿಸಿಕೊಡಬೇಕಾಯಿತು. ಹೋಸು ಬೇಗನೆ ಬಿರಿದು, ಆಯಿಲು ಹೊಗೆಯನ್ನು ಶುದ್ಧಿಗೊಳಿಸುವ ಕಾದ ಕ್ಯಾಟಲಿಟಿಕ್ ಕನ್ವರ್ಟರಿನ ಮೇಲೆ ಬಿದ್ದು ಬೆಂಕಿಯಾಗುವ ಭಯವೇ ಕಾರಣ. ಇತ್ತೀಚಿನ ಕಾರುಗಳಲ್ಲಿ ಹೆಚ್ಚಿನವಕ್ಕೆ ವಿದ್ಯುತ್ತಿನ ಮೋಟಾರೇ ಸ್ಟೀರಿಂಗನ್ನು ತಿರುಗಿಸುವುದರಿಂದ ಅವಕ್ಕೆ ಈ ಆಯಿಲೂ ಇಲ್ಲ, ಈ ಹೋಸೂ ಇಲ್ಲ. ಉಳಿದಿರುವುದು ನಮ್ಮಂಥವರ ಅಂಗಳದ ಹಳೆಯ ಕಾರುಗಳು.

ಈಗ ರಾತ್ರಿ ಕಾರು ನಿಲ್ಲಿಸಿದ ಮೇಲೆ ಅದರಡಿಗೆ ಒಂದು ರಟ್ಟು ಹಾಸುತ್ತೇನೆ. ಬೆಳಿಗ್ಗೆ ಮೊದಲು ಅದನ್ನು ನೋಡುತ್ತೇನೆ. ಚಾಲಕನ ಸೀಟಿನ ಕೆಳಗೆ ಪುಡಿಯ ಸಣ್ಣ ಸಿಲಿಂಡರೊಂದಿದೆ. ಅಮ್ಮ ಕುಳಿತಾಗ ಚೈಲ್ಡ್ ಲಾಕ್ ತೆಗೆದಿರುತ್ತೇನೆ. ಅವರು ಮಾತ್ರ ಹತ್ತುವ ಮುನ್ನ, ‘ನೆಲ ನೋಡ್ದೇನಪ್ಪ?’ ಎಂದು ಕೇಳುತ್ತಾರೆ.

ಇದನ್ನೆಲ್ಲ ಬರೆಯಲು ಕಾರಣವಾದದ್ದು ಭಾವನವರ ಕಾರು. ಅದೂ ನಮ್ಮದರ ವಯಸ್ಸಿನದೇ. ಗುಬ್ಬಿಯ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ಒಣಗಿದ ತೆಂಗಿನ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಅದನ್ನು ನಿಲ್ಲಿಸುತ್ತಿದ್ದರು. ಮೊನ್ನೆ ಹೋದಾಗ ಬಾನೆಟ್ ಎತ್ತಿಸಿ ನೋಡಿದೆ. ಬೆವರುವ ಹೋಸಿಗೆ ಹಳೆಯ ಪಂಚೆಯ ಚೂರನ್ನು ಸುತ್ತಿ ತಂತಿ ಬಿಗಿದಿದ್ದರು; ಬಟ್ಟೆ ಎಣ್ಣೆಯನ್ನು ಹೀರಿ ದೀಪದ ಬತ್ತಿಯಂತಾಗಿತ್ತು. ಅದನ್ನು ನಾನೇ ಬಿಚ್ಚಿ ಎಸೆದೆ. ಹೋಸಿನ ವಿಚಾರ ಎತ್ತಿದರೆ, ‘ಕೊಬ್ಬರಿ ಮಾರಿದ ಮೇಲೆ ನೋಡೋಣ ಕಣಯ್ಯ’ ಎಂದರು. ಒಂದು ಗಂಟೆ ವಾದಿಸಿದೆ. ಅಕ್ಕನೂ ದನಿಗೂಡಿಸಿದಳು. ಕೊನೆಗೆ, ಹೋಸು ಬರುವವರೆಗೆ ಕಾರನ್ನು ಹೊರಗೆ ತೆಗೆಯುವುದಿಲ್ಲವೆಂದೂ, ಸಿಪ್ಪೆಯ ರಾಶಿಯಿಂದ ಆಚೆ ಬೇವಿನ ಮರದ ಕೆಳಗೆ ನಿಲ್ಲಿಸುತ್ತೇನೆಂದೂ ಒಪ್ಪಿದರು. ನಾನೂ ಅವರೂ ಸೇರಿ ಅದನ್ನು ಅಲ್ಲಿಯವರೆಗೆ ತಳ್ಳಿಕೊಂಡು ಹೋದೆವು. ಮಾದರಿಯ ಸಂಖ್ಯೆಯನ್ನು ಬರೆದುಕೊಂಡು ಬಂದಿದ್ದೇನೆ, ಸೋಮವಾರ ಜೆ.ಸಿ. ರಸ್ತೆಗೆ ಹೋಗಬೇಕು.