ಅಂವಾ ಅಲ್ಲ, ಅಕಿ

ವಿಜಯಪುರ ಬಸ್ ಸ್ಟ್ಯಾಂಡಿನಲ್ಲಿ ಹಳೇ ಕ್ಲಾಸ್‌ಮೇಟ್ ಸಿಕ್ಕಳು. ಸೀರೆ ಉಟ್ಟು ತಿಕೋಟಾ ಬಸ್ಸಿಗೆ ನಿಂತಿದ್ದಳು. ಶಾಲೆಯಲ್ಲಿ ಹುಡುಗರ ಸಾಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ರೂಢಿ ಬಿಡಲಿಲ್ಲ, ‘ಯಾವಾಗ ಬಂದ್ಯೋ?’ ಅಂದುಬಿಟ್ಟೆ. ಮುಖ ಸಣ್ಣದಾಯಿತು. ‘ಆ ಓ ಬ್ಯಾಡ’ ಅಂದಳು.

ಆಫೀಸ್ ಮೇಲ್ ಕೆಳಗೆ ‘ಹಿ/ಹಿಮ್’ ಹಾಕಿಕೊಳ್ಳುವ ಮನುಷ್ಯ ನಾನು! ಕನ್ನಡದಲ್ಲಿ ಸರ್ವನಾಮ ಬದಲಿಸಿದರೆ ಸಾಲದು. ಬಂದ, ಬಂದಳು ಅಂತ ಕ್ರಿಯಾಪದವೂ ಬಾಯಿಬಿಡುತ್ತದೆ. ‘ಅವರು ಬಂದರು’ ಅಂದು ಪಾರಾಗಬಹುದು. ಆದರೆ ಜೊತೆ ಓದಿದವಳಿಗೆ ಅದು ದೂರ ತಳ್ಳಿದಂಗ.

ಬಬಲೇಶ್ವರಕ್ಕೆ ಹೋಗಿ ಅವ್ವಗ ಹೇಳಿದೆ. 2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ಮಂಜಮ್ಮ ಜೋಗತಿ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನ ಟಿವಿಯಲ್ಲಿ ನೋಡಿ ‘ಅಕಿ ಭಾಳ ಚಲೋ ಮಾಡಿದ್ಲು’ ಅಂದಿದ್ದ ಅವ್ವ, ಈಗ ‘ಅಂವಾ ಹೆಂಗದಾನ?’ ಅಂದಳು.

‘ಅಕಿ, ಅವ್ವಾ.’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಊಟಕ್ಕ ಕರೀಬೇಕಿತ್ತಿಲ್ಲೋ ಅಕಿನ್ನ?’