ಹೀಟರ್ ಬಟನ್ ಯಾವುದಣ್ಣ?

ಜೂನ್ ತಿಂಗಳಲ್ಲಿ ಹೀಟರ್ ಹಾಕಿ ನೋಡಿ ಕಾರು ಕೊಳ್ಳುವವರು ಯಾರೂ ಇಲ್ಲ. ನಾನು ನನ್ನ ಕಾರು ಮಾರಿದ್ದು ಜೂನ್‌ನಲ್ಲಿ. ಯಾಕೆ ಈಗ ಎಂದು ಕೇಳಿದವರಿಗೆಲ್ಲ "ಬೇಸಿಗೆಯಲ್ಲಿ ಒಳ್ಳೇ ರೇಟು ಬರುತ್ತೆ" ಅಂದಿದ್ದೆ.

ಅದು 2003ರ ಮರ್ಕ್ಯುರಿ ಗ್ರ್ಯಾಂಡ್ ಮಾರ್ಕೀ. ಮಿಶಿಗನ್‌ನ ಲ್ಯಾನ್ಸಿಂಗ್‌ನಲ್ಲಿ ಓದು ಮುಗಿಸಿ ಮೊದಲ ಕೆಲಸಕ್ಕೆ ಸೇರಿದ 2013ರಲ್ಲಿ, ತೀರಿಕೊಂಡ ಮುದುಕರೊಬ್ಬರ ಮಗಳಿಂದ 3,200 ಡಾಲರಿಗೆ ಕೊಂಡಿದ್ದೆ. ಜೊತೆಯವರೆಲ್ಲ ಚಿಕ್ಕ ಜಪಾನಿ ಕಾರುಗಳ ಹಿಂದೆ ಬಿದ್ದಿದ್ದಾಗ ನನಗೆ ಮಾತ್ರ ಈ ಆನೆಯ ಮೇಲೆ ಮನಸ್ಸಾಯಿತು. ಉದ್ದ ಹದಿನೇಳೂವರೆ ಅಡಿಯ ಮೇಲೆ. ಊರಿನಲ್ಲಿ ಅಪ್ಪನ ಬಳಿ ಇದ್ದ ಮಾರುತಿ 800 ನಿಲ್ಲಿಸಿ, ಅದರ ಹಿಂದೆ ಆರಡಿ ಆಳೊಬ್ಬ ಕಾಲು ಚಾಚಿ ಮಲಗಿದರೂ ಇದರ ಉದ್ದ ಇನ್ನೂ ಸ್ವಲ್ಪ ಮಿಗುತ್ತಿತ್ತು. ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಕೊಡುತ್ತೆ?"

"ಊರೊಳಗೆ ಲೀಟರಿಗೆ ಏಳು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕಾರು ತಗೊಂಡ್ಯೋ, ಲಾರಿ ತಗೊಂಡ್ಯೋ?"

ಅಪ್ಪ ಅಂದದ್ದು ಪೂರ್ತಿ ತಪ್ಪೂ ಅಲ್ಲ. ಲಾರಿಯ ಹಾಗೆಯೇ ಕೆಳಗೆ ಬೇರೆ ಚಾಸಿ, ಅದರ ಮೇಲೆ ಕೂರಿಸಿದ ಬಾಡಿ, ಮುಂದೆ 4.6 ಲೀಟರಿನ ವಿ8 ಎಂಜಿನ್, ತಿರುಗುವುದು ಹಿಂದಿನ ಚಕ್ರ. ಫೋರ್ಡ್‌ನ ಕ್ರೌನ್ ವಿಕ್ಟೋರಿಯಾ, ಲಿಂಕನ್ ಟೌನ್ ಕಾರ್ ಇದರ ಒಡಹುಟ್ಟುಗಳು. ಅಮೆರಿಕದ ಪೊಲೀಸರು, ನ್ಯೂಯಾರ್ಕಿನ ಟ್ಯಾಕ್ಸಿಯವರು ವರ್ಷಗಟ್ಟಲೆ ಓಡಿಸಿದ್ದು ಈ ಮನೆತನವನ್ನೇ. ನಾನು ಕೊಳ್ಳುವ ಹೊತ್ತಿಗೆ ಮರ್ಕ್ಯುರಿ ಎನ್ನುವ ಬ್ರ್ಯಾಂಡೇ ಇರಲಿಲ್ಲ. ಕೆನಡಾದ ಸೇಂಟ್ ಥಾಮಸ್‌ನಲ್ಲಿ ಇವನ್ನು ಕಟ್ಟುತ್ತಿದ್ದ ಕಾರ್ಖಾನೆಗೆ 2011ರಲ್ಲಿ ಬೀಗ ಬಿದ್ದಿತ್ತು. ಪೊಲೀಸ್ ಸಂಬಂಧದ ಲಾಭ ಮಾತ್ರ ನನಗೂ ಸಿಗುತ್ತಿತ್ತು. ಡೆಟ್ರಾಯಿಟ್ ಹೆದ್ದಾರಿಯಲ್ಲಿ ಮುಂದಿನ ಕಾರಿನವರು ಕನ್ನಡಿಯಲ್ಲಿ ಇದರ ಮುಸುಡಿ ಕಂಡ ಕೂಡಲೇ ವೇಗ ಇಳಿಸಿ ಪಕ್ಕಕ್ಕೆ ಸರಿಯುತ್ತಿದ್ದರು. ಅವರ ಪಕ್ಕ ಹಾದುಹೋಗುವಾಗ ನಾನು ಸುಮ್ಮಸುಮ್ಮನೆ ಗಂಭೀರವಾಗಿ ಕೂರುತ್ತಿದ್ದೆ.

ಮುಂದಿನ ಸೀಟು ಬೆಂಚು. ಗೇರು ಸ್ಟೀರಿಂಗಿನ ಪಕ್ಕ. ಹೀಗಾಗಿ ಮುಂದೆ ಮೂವರು, ಹಿಂದೆ ಮೂವರು. ಕನ್ನಡ ಕೂಟದ ಯುಗಾದಿಗೆ ಹೊರಟರೆ ಆರು ಜನ, ಒಂದು ಹಾರ್ಮೋನಿಯಂ, ಎರಡು ಪಾತ್ರೆ ಬಿಸಿಬೇಳೆ ಬಾತ್. ಆಗಸ್ಟ್‌ನಲ್ಲಿ ಹೊಸ ಹುಡುಗರು ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಮೊದಲು ಫೋನ್ ಬರುತ್ತಿದ್ದುದು ನನಗೆ. ನಾಲ್ಕು ದೊಡ್ಡ ಸೂಟ್‌ಕೇಸು ನುಂಗಿಯೂ ಡಿಕ್ಕಿ ಬಾಯಿ ಮುಚ್ಚುತ್ತಿತ್ತು. "ಅಣ್ಣನ ಹಡಗು" ಅಂತ ಹೆಸರಾಯಿತು. ಅಣ್ಣ ಅನ್ನಿಸಿಕೊಳ್ಳುವುದು ನನಗೆ ಎಷ್ಟು ಇಷ್ಟವಾಗಿತ್ತೆಂದರೆ ಪೆಟ್ರೋಲಿನ ದುಡ್ಡು ಕೊಡಲು ಬಂದವರನ್ನೂ ಗದರಿ ಕಳಿಸುತ್ತಿದ್ದೆ.

ಚಳಿಗಾಲದಲ್ಲಿ ಮಾತ್ರ ಹಡಗು ಹಡಗಿನ ಬುದ್ಧಿ ತೋರಿಸುತ್ತಿತ್ತು. ಭಾರವೆಲ್ಲ ಮುಂದೆ, ದೂಡುವ ಚಕ್ರ ಹಿಂದೆ. ಹಿಮ ಬಿದ್ದ ದಿನ ಸಿಗ್ನಲ್ಲಿನಲ್ಲಿ ನಿಂತು ಹೊರಟರೆ ಹಿಂಭಾಗ ತಾನೇ ಬೇರೆ ಕಡೆಗೆ ನಡೆಯುತ್ತಿತ್ತು. ಅದಕ್ಕೆಂದು ಡಿಕ್ಕಿಯಲ್ಲಿ 60 ಪೌಂಡಿನ ಎರಡು ಮರಳು ಮೂಟೆ. ಹಿಂಬದಿಗೆ ಭಾರವೂ ಆಯಿತು, ಸಿಕ್ಕಿಹಾಕಿಕೊಂಡಾಗ ಟಯರಿನ ಕೆಳಗೆ ಎರಚಲೂ ಆಯಿತು.

ಆ ಮೂಟೆಯ ಉಪಾಯ ಕಲಿಸಿದ್ದು ಗ್ಲೋವ್ ಬಾಕ್ಸಿನಲ್ಲಿದ್ದ ಒಂದು ನೋಟ್‌ಬುಕ್. ಅಂಗೈಯಷ್ಟಗಲ, ನೀಲಿ ರಟ್ಟು, ಜೊತೆಗೆ ರಬ್ಬರ್ ಬ್ಯಾಂಡಿನಿಂದ ಬಿಗಿದ ಮೋಟು ಪೆನ್ಸಿಲ್. ಮುದುಕರು ಆಯಿಲ್ ಬದಲಿಸಿದ ತಾರೀಕು, ಆಗಿನ ಮೈಲಿ, ಟಯರಿನ ಗಾಳಿ, ಬಲ್ಬು, ಒಂದನ್ನೂ ಬಿಡದೆ ಬರೆದಿಟ್ಟಿದ್ದರು. ಸಾಲುಗಳು ಕೊನೆಕೊನೆಗೆ ನಡುಗುತ್ತಿದ್ದವು. 2012ರ ಕೊನೆಯ ಸಾಲು: ಕೂಲೆಂಟ್, ಬರುವ ವಸಂತಕ್ಕೆ. ಆ ವಸಂತಕ್ಕೆ ಅವರು ಇರಲಿಲ್ಲ. ಕಾರು ನನ್ನದಾಗಿತ್ತು.

ಆ ಪುಸ್ತಕವನ್ನು ನಾನು ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದೆ. ಎಂಥ ಶಿಸ್ತು ನೋಡಿ ಅನ್ನುತ್ತಿದ್ದೆ. ಕೂಲೆಂಟ್ ಬದಲಿಸಲಿಲ್ಲ. ಒಂದು ವರ್ಷ ಮರೆತೆ, ಮುಂದಿನ ವರ್ಷ ಮುಂದೂಡಿದೆ, ಆಮೇಲೆ ಆ ಸಾಲು ಕಣ್ಣಿಗೇ ಬೀಳದ ಹಾಗಾಯಿತು.

ಕಾರಿನ ಹೀಟರ್ ಅಂದರೆ ನಮ್ಮ ಹಳೇ ಮನೆಗಳ ಕೋಡೊಲೆ ಇದ್ದ ಹಾಗೆ. ಅದಕ್ಕೆ ಅದರದೇ ಬೆಂಕಿ ಇಲ್ಲ. ಎಂಜಿನ್ನಿನ ಸುತ್ತ ಹರಿದು ಕಾದ ಕೂಲೆಂಟ್ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಬರುತ್ತದೆ, ಫ್ಯಾನು ಅದರ ಬಿಸಿಯನ್ನು ಒಳಕ್ಕೆ ಊದುತ್ತದೆ. ಹೀಟರ್ ಕೋರ್ ಅನ್ನುವುದು ಅದಕ್ಕೇ. ಕೂಲೆಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ. ವರ್ಷ ಕಳೆದಂತೆ ಅವು ಸವೆದು ದ್ರವ ಹುಳಿಯಾಗುತ್ತದೆ, ಕೋರಿನ ತೆಳು ಕೊಳವೆಗಳನ್ನು ಒಳಗಿನಿಂದಲೇ ತಿನ್ನಲು ಶುರುಮಾಡುತ್ತದೆ. ಕಾರು ಕಟ್ಟಿದವರದು ಇದರಲ್ಲಿ ಏನೂ ತಪ್ಪಿಲ್ಲ. ಅವರ ಕೈಪಿಡಿಯೂ ಹೇಳಿತ್ತು, ಸತ್ತ ಮುದುಕರೂ ಹೇಳಿದ್ದರು.

2017ರ ಡಿಸೆಂಬರಿನಲ್ಲಿ ಕಾರಿನೊಳಗೆ ಸಿಹಿ ವಾಸನೆ ಶುರುವಾಯಿತು. ಬೆಲ್ಲದ ಪಾಕ ತಳ ಹಿಡಿಯುವ ಮುಂಚೆ ಬರುತ್ತದಲ್ಲ, ಹಾಗೆ. ಮುಂದಿನ ಗಾಜಿನ ಒಳಮೈಗೆ ಜಿಡ್ಡು ಕೂತಿತು, ಒರೆಸಿದಷ್ಟೂ ಹರಡುವ ಜಿಡ್ಡು. ಪಕ್ಕದ ಸೀಟಿನ ಕೆಳಗೆ ಕಾರ್ಪೆಟ್ ಒದ್ದೆ. ಮೆಕ್ಯಾನಿಕ್ ಬಗ್ಗಿ ಒಂದು ಸಲ ಮೂಸಿ, ಹೀಟರ್ ಕೋರ್ ಹೋಗಿದೆ ಅಂದ. ಭಾಗಕ್ಕೆ ನೂರು ಡಾಲರೂ ಇಲ್ಲ. ಆದರೆ ಅದನ್ನು ಮುಟ್ಟಬೇಕಾದರೆ ಇಡೀ ಡ್ಯಾಶ್‌ಬೋರ್ಡ್ ಕಳಚಬೇಕು. ಒಟ್ಟು 1,100 ಡಾಲರ್. ಮದುವೆ ಗೊತ್ತಾಗಿತ್ತು, ಟಿಕೆಟ್ ತೆಗೆಯಬೇಕಿತ್ತು, ಎಂದೆಲ್ಲ ಬರೆಯಬಹುದು. ನಿಜವೇ. ಆದರೆ ಅದೇ ತಿಂಗಳು ಹೊಸ ಫೋನೂ ಕೊಂಡಿದ್ದೆ.

ಆ ಚಳಿಗಾಲ ವಾರವಾರ ಕೂಲೆಂಟ್ ಸುರಿದುಕೊಂಡು ನೂಕಿದೆ. ಏಪ್ರಿಲಿನಲ್ಲಿ ಒಂದು ಭಾನುವಾರ ಬಾನೆಟ್ ಎತ್ತಿ, ಕೋರಿಗೆ ಹೋಗುವ ಮತ್ತು ಬರುವ ಎರಡು ಹೋಸುಗಳನ್ನು ಕಿತ್ತು, ಗೇಣುದ್ದದ ಪೈಪಿನಿಂದ ಒಂದಕ್ಕೊಂದು ಜೋಡಿಸಿ ಎರಡು ಕ್ಲಾಂಪ್ ಬಿಗಿದೆ. ಎಂಟು ಡಾಲರಿನ ಕೆಲಸ. ಸೋರುವುದು ನಿಂತಿತು. ವಾಸನೆ ಹೋಯಿತು. ಹೀಟರ್ ಅನ್ನುವುದೇ ಇಲ್ಲವಾಯಿತು. ಆದರೆ ಬೇಸಿಗೆ ಬರುತ್ತಿತ್ತು.

ಕೊಳ್ಳಲು ಬಂದವನು ದಾವಣಗೆರೆ ಕಡೆಯ ಹುಡುಗ. ಹಿಂದಿನ ಆಗಸ್ಟ್‌ನಲ್ಲಿ ಅವನನ್ನೂ ಅವನ ಸೂಟ್‌ಕೇಸನ್ನೂ ನಾನೇ ಇದೇ ಕಾರಿನಲ್ಲಿ ತಂದಿದ್ದೆ. "ಹೋದ ಚಳೀಲಿ ಬಸ್ ಸ್ಟಾಪಲ್ಲಿ ನಿಂತೂ ನಿಂತೂ ಕಿವಿ ಉದುರಿ ಹೋಗಿದ್ವು ಅಣ್ಣ, ಈ ಸಲ ಕಾರು ಬೇಕೇ ಬೇಕು" ಅಂದ. ಏಸಿ ಹಾಕಿ ನೋಡಿದ, ಮಂಜಿನ ಹಾಗೆ ತಣ್ಣಗಿತ್ತು. ಬೆಂಚು ಸೀಟಿನ ಮೇಲೆ ಎರಡು ಸಲ ಕುಪ್ಪಳಿಸಿ ನಕ್ಕ. ಆಮೇಲೆ ಕೇಳಿದ: "ಏನಾದ್ರೂ ಪ್ರಾಬ್ಲಂ ಇದ್ಯಾ ಅಣ್ಣ?"

"ಎಣ್ಣೆ ಜಾಸ್ತಿ ಕುಡಿಯುತ್ತೆ, ಅಷ್ಟೇ" ಅಂದೆ. ಇಬ್ಬರೂ ನಕ್ಕೆವು.

ಕಾಗದದಲ್ಲಿ "ಆ್ಯಸ್ ಈಸ್" ಅಂತ ಬರೆದೆ. ಇದ್ದದ್ದು ಇದ್ದ ಹಾಗೆ. ಕಾನೂನಿಗೆ ಅಷ್ಟು ಸಾಕು ಅಂದುಕೊಂಡೆ. 1,800 ಡಾಲರ್ ಎಣಿಸಿಕೊಂಡು, ಬೀಗದ ಕೈ ಜೊತೆಗೆ ನೀಲಿ ನೋಟ್‌ಬುಕ್ಕನ್ನೂ ಅವನ ಕೈಗಿಟ್ಟೆ. "ಎಷ್ಟು ಚೆನ್ನಾಗಿ ನೋಡ್ಕೊಂಡಿದಾರೆ ನೋಡು" ಅಂದೆ. ನೋಡಿಕೊಂಡಿದಾರೆ. ಯಾರು ಅಂತ ಹೇಳಲಿಲ್ಲ.

ಅಕ್ಟೋಬರ್ ಕೊನೆಗೆ ಫೋನ್ ಬಂತು. "ಅಣ್ಣ, ಹೀಟರ್ ಬಿಸಿ ಬರ್ತಿಲ್ಲ. ಬಟನ್ ಯಾವುದಣ್ಣ? ನಾನೇ ಏನೋ ತಪ್ಪು ಒತ್ತುತಾ ಇದೀನಿ ಅನ್ಸುತ್ತೆ."

ಆಗಲಾದರೂ ಹೇಳಬಹುದಿತ್ತು. "ದೊಡ್ಡ ಎಂಜಿನ್ ಅಲ್ವಾ, ಬಿಸಿಯಾಗೋಕೆ ಸ್ವಲ್ಪ ಟೈಮ್ ತಗೊಳುತ್ತೆ" ಅಂದುಬಿಟ್ಟೆ. ಅವನು ಥ್ಯಾಂಕ್ಸ್ ಅಣ್ಣ ಅಂದ. ಇಡೀ ನವೆಂಬರ್ ಅವನು ಬೆಳಿಗ್ಗೆ ಇಪ್ಪತ್ತು ನಿಮಿಷ ಎಂಜಿನ್ ಓಡಿಸಿಟ್ಟು ಕಾದಿದ್ದನ್ನು ಆಮೇಲೆ ಬೇರೆಯವರಿಂದ ಕೇಳಿದೆ. ಬಿಸಿಗಾಳಿ ಇಲ್ಲದಿದ್ದರೆ ಗಾಜಿನ ಮೇಲಿನ ಮಂಜೂ ಕರಗುವುದಿಲ್ಲ. ಕಿಟಕಿ ಇಳಿಸಿ, ಯೂನಿವರ್ಸಿಟಿಯ ಐಡಿ ಕಾರ್ಡಿನಿಂದ ಗಾಜಿನ ಒಳಮೈ ಕೆರೆದುಕೊಂಡು ಓಡಿಸುತ್ತಿದ್ದನಂತೆ. ಹಾಗೆ ಕೆರೆಯುತ್ತಲೇ ಒಂದು ಬೆಳಿಗ್ಗೆ ಯಾರದೋ ಮನೆ ಮುಂದಿನ ಅಂಚೆಡಬ್ಬಿಗೆ ಗುದ್ದಿದ. ರಸ್ತೆಯಲ್ಲಿ ಆಗ ಮಕ್ಕಳ್ಯಾರೂ ಇರಲಿಲ್ಲ.

ಡಿಸೆಂಬರಿನಲ್ಲಿ ಒಂದು ಫೋಟೊ ಬಂತು. ಮಾತಿಲ್ಲ, ಬರೀ ಫೋಟೊ. ಎಣ್ಣೆ, ಧೂಳು ಮೆತ್ತಿದ ಹದಿನೈದು ವರ್ಷದ ಎಂಜಿನ್ನಿನ ನಡುವೆ ಫಳಫಳ ಹೊಳೆಯುವ ಎರಡು ಹೊಸ ಕ್ಲಾಂಪ್.

ಎರಡು ದಿನ ಉತ್ತರ ಕೊಡಲಿಲ್ಲ. ಮೂರನೇ ದಿನ ಸಂಜೆ 1,100 ಡಾಲರಿನ ಚೆಕ್ ಬರೆದುಕೊಂಡು ಅವನ ಅಪಾರ್ಟ್‌ಮೆಂಟಿಗೆ ಹೋದೆ. ಕೆಳಗೆ ಕಾರು ನಿಂತಿತ್ತು. ಎಂದಿನಂತೆ ಹಿಂಭಾಗ ಗೆರೆಯಾಚೆ ಚಾಚಿತ್ತು, ಒಂದು ಕಡೆ ದೀಪ ಒಡೆದಿತ್ತು. ಹೇಳಬೇಕಾದ್ದನ್ನು ಬಾಗಿಲಲ್ಲೇ ನಿಂತು ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಚೆಕ್ ತಗೊಂಡ, ಮೊತ್ತ ಓದಿದ, ಮಡಚಿ ಜೇಬಿಗಿಟ್ಟ. ಬೈಯಲಿಲ್ಲ.

"ಒಂದು ಕೇಳ್ಬೇಕಿತ್ತು, ಸರ್" ಅಂದ. "ಆ ನೋಟ್‌ಬುಕ್ ನಿಮ್ಮದಾ, ಮೊದಲಿನ ಓನರ್‌ದಾ?"

"ಮೊದಲಿನವರದು."

"ಅದೇ ಅಂದ್ಕೊಂಡೆ. 2012ರ ಮೇಲೆ ಏನೂ ಬರೆದಿಲ್ಲ."