ಬೈಯುವವನೂ ಬಾಯಿ ಬಿಡದವನೂ

ಪಕ್ಷ ವಹಿಸದೆ ಟೆನಿಸ್ ನೋಡುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಕ್ರಿಕೆಟ್ಟಿನಲ್ಲಾದರೆ ಇಪ್ಪತ್ತೆರಡು ಜನ. ಎದುರು ತಂಡದಲ್ಲೂ ಒಬ್ಬನನ್ನು ಮೆಚ್ಚಿ ದೊಡ್ಡ ಮನಸ್ಸು ತೋರಿಸಬಹುದು. ಟೆನಿಸ್ಸಿನಲ್ಲಿ ನೆಟ್ಟಿನ ಈಚೆಗೊಬ್ಬ, ಆಚೆಗೊಬ್ಬ. ಮೂರು ಗೇಮ್ ಮುಗಿಯುವಷ್ಟರಲ್ಲಿ ಮನಸ್ಸು ಒಂದು ಕಡೆಗೆ ವಾಲಿರುತ್ತದೆ. ಫೆಡರರ್–ನಡಾಲ್ ಕಾಲದಲ್ಲಿ ಗಂಡನದೊಂದು ಪಕ್ಷ, ಹೆಂಡತಿಯದೊಂದು ಪಕ್ಷವಾಗಿ, ಫೈನಲ್ ದಿನ ಕಾಫಿಗೂ ಗತಿಯಿಲ್ಲದ ಮನೆಗಳನ್ನು ಕಂಡಿದ್ದೇನೆ. ನನ್ನ ಪಕ್ಷಪಾತ ಮಾತ್ರ ಅದಕ್ಕಿಂತ ಹಳೆಯದು: ಬ್ಯೋರ್ನ್ ಬೋರ್ಗ್ ಮತ್ತು ಜಾನ್ ಮೆಕೆನ್ರೊ.

ಬೋರ್ಗ್ ಸ್ವೀಡನ್ನಿನವನು. ನೀಳ ಕೂದಲು, ಹಣೆಗೆ ಪಟ್ಟಿ. ಆ ಮುಖ ನೋಡಿ ಗೆಲ್ಲುತ್ತಿದ್ದಾನೋ ಸೋಲುತ್ತಿದ್ದಾನೋ ಹೇಳುವುದು ಅವನನ್ನು ಹೆತ್ತವರಿಗೂ ಕಷ್ಟವಿತ್ತೇನೊ. ಮೆಕೆನ್ರೊ ನ್ಯೂಯಾರ್ಕಿನಲ್ಲಿ ಬೆಳೆದ ಎಡಗೈಯವನು, ಸುಮಾರು ಮೂರು ವರ್ಷಕ್ಕೆ ಕಿರಿಯ. ಸರ್ವ್ ಮಾಡುವಾಗ ಎದುರಾಳಿಗೆ ಬಹುಪಾಲು ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಚೆಂಡು ಎಡಕ್ಕೋ ಬಲಕ್ಕೋ ಎಂಬುದು ಅದು ಬಂದು ಬಿದ್ದ ಮೇಲೇ ತಿಳಿಯಬೇಕು. ಇನ್ನು ಬಾಯಿ! ಅಂಪೈರುಗಳಿಗೆ ಪ್ರತಿ ಪಂದ್ಯದಲ್ಲೂ ಮಂಗಳಾರತಿ. 1981ರ ವಿಂಬಲ್ಡನ್ ಮೊದಲ ಸುತ್ತಿನಲ್ಲೇ, ಚೆಂಡು ಗೆರೆ ಮುಟ್ಟಿ ಸುಣ್ಣ ಹಾರಿದ್ದು ಕಾಣಲಿಲ್ಲವೇ, ಇದೇನು ತಮಾಷೆಯೇ ಎಂದು ಅವನು ಕಿರುಚಿದ್ದು ಇಂದಿಗೂ ಜನರ ಬಾಯಲ್ಲಿದೆ. ಮುಂದೆ ಅದೇ ಮಾತನ್ನು ತನ್ನ ಆತ್ಮಕತೆಗೆ ಹೆಸರಾಗಿಯೂ ಇಟ್ಟುಕೊಂಡ. ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ಮೆಕೆನ್ರೊನನ್ನು ನೋಡಿರಲಿಲ್ಲ. ಆ ವರ್ಷದ ಕಪ್ಪು ಅವನದೇ.

ನಮ್ಮ ಕುಟುಂಬಗಳಲ್ಲಿ ಹೆಂಚು ಹಾರುವಂತೆ ಕೂಗಾಡುವ ಚಿಕ್ಕಪ್ಪ ಒಬ್ಬನಿರುತ್ತಾನೆ, ಮಾತೇ ಆಡದ ದೊಡ್ಡಪ್ಪನೂ ಇರುತ್ತಾರೆ. ಮಕ್ಕಳು ನಡುಗುವುದು ದೊಡ್ಡಪ್ಪನಿಗೆ. ಚಿಕ್ಕಪ್ಪನ ಸಿಟ್ಟು ಕಣ್ಣೆದುರೇ ಇಳಿದುಹೋಗುತ್ತದೆ, ದೊಡ್ಡಪ್ಪನದು ಎಲ್ಲಿ ಹೋಗುತ್ತದೆಂದು ಯಾರಿಗೂ ಗೊತ್ತಿಲ್ಲ. ಬೋರ್ಗ್ ಹುಡುಗನಾಗಿದ್ದಾಗ ಕೂಗಾಡುವವರ ಪೈಕಿಯೇ. ರ‍್ಯಾಕೆಟ್ ಎಸೆದು, ಬೈದು, ಕ್ಲಬ್ಬಿನವರು ಕೆಲವು ತಿಂಗಳು ಹೊರಗಿಟ್ಟಿದ್ದರೆಂದು ಅವನೇ ಹೇಳಿಕೊಂಡಿದ್ದಾನೆ. ಆಮೇಲೆ ಬಾಯಿ ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಬೂದಿ ಮುಚ್ಚಿದ ಕೆಂಡ.

ಅವರ ರ‍್ಯಾಕೆಟ್ಟುಗಳೂ ಅವರಂತೆಯೇ. ಇಬ್ಬರದೂ ಮರದವು. ಬೋರ್ಗ್ ತನ್ನ ಡಾನೆಗೆ ಸುಮಾರು 80 ಪೌಂಡ್ ಬಿಗಿತದಲ್ಲಿ ತಂತಿ ಎಳೆಸುತ್ತಿದ್ದ, ಮರದ ಚೌಕಟ್ಟು ತಾಳಬಹುದಾದದ್ದಕ್ಕಿಂತ ತುಸು ಹೆಚ್ಚೇ. ರಾತ್ರಿ ಹೋಟೆಲ್ ಕೋಣೆಯಲ್ಲಿ, ಯಾರೂ ಮುಟ್ಟದೆ, ತಂತಿ ಟಪ್ಪನೆ ಹರಿಯುತ್ತಿತ್ತಂತೆ. ಮೆಕೆನ್ರೊನ ಡನ್‌ಲಪ್‌ನ ತಂತಿಯೋ ಸಡಿಲ. ಚೆಂಡು ಅದರ ಮೇಲೆ ಅರೆಗಳಿಗೆ ಕೂತು, ಎಲ್ಲಿಗೆ ಹೋಗಬೇಕೆಂದು ಕೇಳಿಕೊಂಡು ಹೋದಂತೆ ಕಾಣುತ್ತಿತ್ತು.

ಇಷ್ಟು ಬಾಯಿಯ ಮೆಕೆನ್ರೊ ಬೋರ್ಗ್ ಎದುರಿಗಿದ್ದಾಗ ಮಾತ್ರ ಸಂಭಾವಿತ. ಇದರ ಮೂಲ 1979ರ ನ್ಯೂ ಆರ್ಲಿಯನ್ಸ್ ಪಂದ್ಯ. ಕೊನೆಯ ಸೆಟ್ಟು ಐದು–ಐದು. ಮೆಕೆನ್ರೊ ಎಂದಿನಂತೆ ಕುದಿಯುತ್ತಿದ್ದಾನೆ. ಬೋರ್ಗ್ ಕೈಸನ್ನೆ ಮಾಡಿ ನೆಟ್ಟಿನ ಹತ್ತಿರ ಕರೆದ. ಈಗ ನನ್ನ ಮಾನ ಕಳೆಯುತ್ತಾನೆ ಎಂದುಕೊಂಡೇ ಹೋದೆ ಎಂದು ಮೆಕೆನ್ರೊ ಹೇಳುತ್ತಾನೆ. ಬೋರ್ಗ್ ಅವನ ಹೆಗಲ ಮೇಲೆ ಕೈ ಹಾಕಿ, ಸಮಾಧಾನ ಮಾಡಿಕೋ, ಒಳ್ಳೆಯ ಪಂದ್ಯ ಇದು, ಎಂದನಂತೆ. ಅಷ್ಟೇ. ಅಲ್ಲಿಂದಾಚೆ ಅವನೊಡನೆ ಆಡುವಾಗ ರಂಪ ಮಾಡುವುದು ಸಣ್ಣತನವೆಂದು ಕಂಡಿತು ಹುಡುಗನಿಗೆ. ಅಂಪೈರುಗಳ ಸಂಘದವರು ಬೋರ್ಗನಿಗೊಂದು ಶಾಲು ಹೊದಿಸಬೇಕಿತ್ತು!

1980ರ ಜುಲೈ 5ರ ವಿಂಬಲ್ಡನ್ ಫೈನಲ್ಲನ್ನು ನಾನು ಧ್ವನಿಮುದ್ರಿತ ವಿವರಣೆಯೊಂದಿಗೆ ಎಷ್ಟು ಸಲ ನೋಡಿದ್ದೇನೋ. ಸೆಮಿಫೈನಲ್ಲಿನ ರಂಪಾಟಕ್ಕಾಗಿ ಅಂಗಳಕ್ಕಿಳಿಯುವಾಗಲೇ ಮೆಕೆನ್ರೊಗೆ ಜನರ ಛೀಮಾರಿ. ನಾಲ್ಕನೇ ಸೆಟ್ಟಿನಲ್ಲಿ ಬೋರ್ಗ್ 5–4ರಲ್ಲಿ ಎರಡು ಚಾಂಪಿಯನ್‌ಷಿಪ್ ಪಾಯಿಂಟ್ ಕೈಯಲ್ಲಿಟ್ಟುಕೊಂಡು ಕಳೆದುಕೊಂಡ. ಆಮೇಲೆ ಟೈಬ್ರೇಕರ್: 34 ಪಾಯಿಂಟ್, ಇಪ್ಪತ್ತು ನಿಮಿಷಕ್ಕೂ ಮಿಕ್ಕಿ. ಅದರಲ್ಲಿ ಇನ್ನೂ ಐದು ಬಾರಿ ಕಪ್ಪು ಅವನ ಬಳಿಗೆ ಬಂದು ತಿರುಗಿಹೋಯಿತು. 18–16, ಮೆಕೆನ್ರೊಗೆ. “ಇನ್ನೂ ಮುಗಿದಿಲ್ವಾ ಅದು? ಯಾರು ಗೆಲ್ತಾರೆ ಅಂತ ನಿಮಗೆ ಗೊತ್ತಲ್ಲ!” ಎಂದು ಹೆಂಡತಿ ಕೇಳುತ್ತಾಳೆ. ಗೊತ್ತು. ಗೊತ್ತಿದ್ದೇ ನೋಡಬೇಕಾದದ್ದು ಮುಂದಿನದು. ಏಳು ಸಲ ತುತ್ತು ಬಾಯಿಗೆ ಬಂದು ಜಾರಿದ ಮೇಲೆ ಐದನೇ ಸೆಟ್ಟಿಗೆ ಸರ್ವ್ ಮಾಡಲು ನಿಂತ ಬೋರ್ಗ್ ಮೊದಲ ಎರಡು ಪಾಯಿಂಟನ್ನೂ ಸೋತ. ಮುಗಿಯಿತು ಎಂದುಕೊಂಡರೆ, ಅಲ್ಲಿಂದ ಸೆಟ್ಟಿನ ಕೊನೆಯವರೆಗೆ ತನ್ನ ಸರ್ವಿನಲ್ಲಿ ಬಿಟ್ಟುಕೊಟ್ಟದ್ದು ಇನ್ನೊಂದೇ ಪಾಯಿಂಟ್. 8–6ರಲ್ಲಿ ಗೆದ್ದು ಮೊಣಕಾಲೂರಿದ. ಸತತ ಐದನೇ ವಿಂಬಲ್ಡನ್.

ಮರುವರ್ಷ ವಿಂಬಲ್ಡನ್ ಫೈನಲ್ಲಿನಲ್ಲೂ ಅಮೆರಿಕನ್ ಓಪನ್ ಫೈನಲ್ಲಿನಲ್ಲೂ ಮೆಕೆನ್ರೊ ಅವನನ್ನು ಸೋಲಿಸಿದ. ನ್ಯೂಯಾರ್ಕಿನಲ್ಲಿ ಸೋತವನು ಕೈಕುಲುಕಿ, ಬಹುಮಾನ ಸಮಾರಂಭಕ್ಕೂ ನಿಲ್ಲದೆ ಹೊರಟೇಹೋದ. ಮತ್ತೆಂದೂ ಗ್ರಾಂಡ್‌ಸ್ಲಾಮ್ ಆಡಲಿಲ್ಲ. 1983ರ ಆರಂಭದಲ್ಲಿ ನಿವೃತ್ತಿ ಘೋಷಿಸಿದಾಗ ವಯಸ್ಸು 26.

ಗೆದ್ದವನು ಕುಣಿಯಬೇಕಿತ್ತಲ್ಲವೇ? ಮೆಕೆನ್ರೊ ಅವನ ಬೆನ್ನುಬಿದ್ದು ವಾಪಸು ಬಾ ಎಂದು ಕರೆದ. ಬೋರ್ಗ್ ಬರಲಿಲ್ಲ. 1984ರಲ್ಲಿ ಮೆಕೆನ್ರೊ 82 ಪಂದ್ಯ ಗೆದ್ದು ಸೋತದ್ದು ಮೂರೇ. ಆ ಮೂರರಲ್ಲೊಂದು ಫ್ರೆಂಚ್ ಓಪನ್ ಫೈನಲ್. ಲೆಂಡ್ಲ್ ವಿರುದ್ಧ ಎರಡು ಸೆಟ್ ಮುಂದಿದ್ದಾಗ, ಯಾವನೋ ಕ್ಯಾಮೆರಾದವನ ಹೆಡ್‌ಫೋನಿನ ಸದ್ದಿಗೆ ರೇಗಿ ಪಂದ್ಯವನ್ನೇ ಕಳೆದುಕೊಂಡ. ನೆಟ್ಟಿನ ಹತ್ತಿರ ಕರೆಯುವವನು ಅಲ್ಲಿರಲಿಲ್ಲ. ಆ ವರ್ಷದ ನಂತರ ಸಿಂಗಲ್ಸಿನ ಒಂದು ಗ್ರಾಂಡ್‌ಸ್ಲಾಮೂ ಅವನಿಗೆ ದಕ್ಕಲಿಲ್ಲ. ಇದಕ್ಕೆ ಬೇರೆ ಕಾರಣಗಳಿದ್ದಾವು. ನನ್ನ ತೀರ್ಪು ಮಾತ್ರ ಇದು: ಬೋರ್ಗ್ ಹೋದದ್ದರಿಂದ ಹೆಚ್ಚು ಹಾಳಾದವನು ಮೆಕೆನ್ರೊ.

ಬಾಕಿ ತೀರಿಸುವ ಸರದಿ ಬಂದದ್ದು 2006ರಲ್ಲಿ. ಬೋರ್ಗ್ ತನ್ನ ಐದೂ ವಿಂಬಲ್ಡನ್ ಕಪ್ಪುಗಳನ್ನು ಲಂಡನ್ನಿನಲ್ಲಿ ಹರಾಜಿಗಿಟ್ಟ ಸುದ್ದಿ ಕೇಳಿ ಮೆಕೆನ್ರೊ ಫೋನು ಮಾಡಿದ. ತಲೆಗಿಲೆ ಕೆಟ್ಟಿದೆಯೇನಯ್ಯಾ ಎಂಬರ್ಥದ ಮಾತು. ಈ ಸಲ ಬೈಗುಳ ಸರಿಯಾದ ವಿಳಾಸಕ್ಕೇ ತಲುಪಿತು, ಹರಾಜು ನಿಂತಿತು.

2017ರಲ್ಲಿ ಲೇವರ್ ಕಪ್ ಶುರುವಾದಾಗ ಯುರೋಪಿಗೆ ಬೋರ್ಗ್, ಉಳಿದ ಜಗತ್ತಿಗೆ ಮೆಕೆನ್ರೊ ನಾಯಕರಾದರು. ಅಂಗಳದ ಪಕ್ಕದ ಬೆಂಚಿನಲ್ಲಿ ಒಬ್ಬ ಕೈಕಟ್ಟಿ ಕೂತರೆ, ಇನ್ನೊಬ್ಬ ಎದ್ದೆದ್ದು ಕೈ ಬೀಸುತ್ತಿದ್ದ. 2024ರವರೆಗಿನ ಏಳು ಕಪ್ಪುಗಳಲ್ಲಿ ಬೋರ್ಗನಿಗೆ ಐದು, ಮೆಕೆನ್ರೊಗೆ ಎರಡು. ರ‍್ಯಾಕೆಟ್ ಹಿಡಿದು ಎದುರುಬದುರಾದದ್ದು ಒಟ್ಟು 14 ಬಾರಿ. ಅದರಲ್ಲಿ ಏಳು ಇವನಿಗೆ, ಏಳು ಅವನಿಗೆ.